ಮದರ್‌ಬೋರ್ಡಿನ 1700 ಸಾಕೆಟ್‌ನಲ್ಲಿ (ಇಂಟೆಲ್ ಪ್ರೊಸೆಸರ್ ಕೂರುವ ಜಾಗ) ಪಿನ್ ಬಾಗಿದೆ, ಬಿ ಚಾನೆಲ್‌ನ ರ್ಯಾಮ್ ಕಾಣ್ತಿಲ್ಲ. ರಿಪೇರಿ ಆಗ್ತದಾ, ಬೋರ್ಡೇ ಬದಲಿಸಬೇಕಾ?

ಕುಂಜಿಬೆಟ್ಟು_ಪಿಸಿ:

ಬಿ660 ಬೋರ್ಡ್, ಡಿಡಿಆರ್4, ನಾಲ್ಕು ರ್ಯಾಮ್ ಸ್ಲಾಟ್: ಎ ಚಾನೆಲ್ಲಿನದ್ದು ಎ1, ಎ2, ಬಿ ಚಾನೆಲ್ಲಿನದ್ದು ಬಿ1, ಬಿ2. ಪ್ರೊಸೆಸರ್ ಐ5 12400. ಕೂಲರ್ ಅಡಿಯ ಥರ್ಮಲ್ ಪೇಸ್ಟ್ ಬದಲಿಸುವಾಗ ಪ್ರೊಸೆಸರ್ ಕೈಜಾರಿ ಅದರ ಮೂಲೆ ಸಾಕೆಟ್ ಮೇಲೆ ಬಿದ್ದಿದೆ. ಗಮನಿಸದೆ ಹಾಗೇ ಕೂರಿಸಿ ಆನ್ ಮಾಡಿಯೂ ಆಗಿದೆ.

8 ಜಿಬಿಯ ಎರಡು ರ್ಯಾಮನ್ನು ಎ2, ಬಿ2ಗೆ ಹಾಕಿದರೆ ಡಿರ್ಯಾಮ್ ಲೈಟ್ ಉರಿದು ಅಲ್ಲೇ ನಿಲ್ತದೆ. ಎ2ರಲ್ಲಿ ಒಂದೇ ಹಾಕಿದರೆ ವಿಂಡೋಸ್ ಬರ್ತದೆ. ಬಿ1ಕ್ಕೂ ಇಲ್ಲ, ಬಿ2ಕ್ಕೂ ಇಲ್ಲ. ರ್ಯಾಮ್ ಅದಲುಬದಲು ಮಾಡಿ ನೋಡಿದೆ, ಎರಡೂ ಸರಿ ಉಂಟು.

ಪ್ರೊಸೆಸರ್ ತೆಗೆದು ಟಾರ್ಚ್ ಹಾಕಿ ನೋಡಿದಾಗ ರ್ಯಾಮ್ ಕಡೆಯ ಅಂಚಿನಿಂದ ನಾಲ್ಕೈದು ಸಾಲು ಒಳಗೆ ಮೂರು ಪಿನ್ ಸರಿ ಇಲ್ಲ. ಎರಡು ಪಕ್ಕಕ್ಕೆ ವಾಲಿವೆ. ಒಂದು ಪೂರ್ತಿ ಮಡಚಿ ಹಿಂದಿನದರ ಮೇಲೆ ಮಲಗಿದೆ. ಉಡುಪಿಯ ಒಂದು ಅಂಗಡಿಯಲ್ಲಿ ನೋಡಿದ ಕೂಡಲೇ ಬೋರ್ಡ್ ಬದಲಿಸಿ ಅಂದರು.

ಮನೆಯಲ್ಲೇ ಸರಿ ಮಾಡಲಿಕ್ಕೆ ಆಗುವ ಕೆಲಸವಾ ಇದು? ಎಂತೆಂತ ಸಾಮಾನು ಬೇಕು? ಪಕ್ಕದಲ್ಲಿ ಸ್ವಲ್ಪ ಪೇಸ್ಟ್ ಕೂಡ ಬಿದ್ದಿದೆ, ಅದನ್ನು ತೆಗೆಯುವುದು ಹೇಗೆ?


ಹಂಪನಕಟ್ಟೆ_ಬೆಂಚ್:

ಮಂಡೆಬಿಸಿ ಮಾಡಬೇಡಿ, ಆದರೆ ಇನ್ನು ಒಂದು ಸಲವೂ ಆನ್ ಮಾಡಬೇಡಿ. ಮಲಗಿದ ಪಿನ್ ಪಕ್ಕದ್ದಕ್ಕೆ ತಾಗಿಕೊಂಡೇ ಇದೆ. ಅವೆರಡು ರ್ಯಾಮಿನ ಸಿಗ್ನಲ್ ಆದರೆ ಚಾನೆಲ್ ಸಿಗುವುದಿಲ್ಲ, ಅಷ್ಟೇ. ಒಂದು ಪ್ರೊಸೆಸರಿನ ವಿದ್ಯುತ್ ಪಿನ್, ಇನ್ನೊಂದು ಗ್ರೌಂಡ್ ಆಗಿದ್ದರೆ ಪ್ರೊಸೆಸರೂ ಹೋಗ್ತದೆ. ನಿಮ್ಮದು ಎ2ರಲ್ಲಿ ವಿಂಡೋಸ್ ವರೆಗೆ ಬಂದಿದೆ ಅಂದರೆ ಆ ಕೆಟ್ಟ ಬಗೆಯ ಶಾರ್ಟ್ ಇಲ್ಲ. ಎ ಚಾನೆಲ್ ಪೂರ್ತಿ ಸರಿ, ಬಿ ಚಾನೆಲ್ ಪೂರ್ತಿ ಇಲ್ಲ, ಬಾಗಿದ ಪಿನ್ ಇರುವುದು ರ್ಯಾಮ್ ಕಡೆಯ ಅಂಚಿನಲ್ಲಿ. ಮೂರೂ ಒಂದಕ್ಕೊಂದು ಹೊಂದ್ತದೆ. ಇದು ರಿಪೇರಿ ಆಗುವ ಕೇಸು.

ಮೊದಲು ನೋಡುವ ಕೆಲಸ, ಮುಟ್ಟುವ ಕೆಲಸ ಆಮೇಲೆ. ಪವರ್ ಕೇಬಲ್ ಎಳೆದು, ಆನ್ ಬಟನ್ 10-15 ಸೆಕೆಂಡ್ ಒತ್ತಿ ಹಿಡಿದು, ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಿರಿ. ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಡಿ. ಬೋರ್ಡ್ ಸುತ್ತಿ ಬರುವ ಸಿಲ್ವರ್ ಬಣ್ಣದ ತೊಟ್ಟೆ ಮೇಲೆ ಇಟ್ಟು ಕೆಲಸ ಮಾಡುವ ಅಭ್ಯಾಸ ಹಲವರಿಗೆ ಉಂಟು. ಆ ತೊಟ್ಟೆಯ ಹೊರಮೈ ಸ್ವಲ್ಪ ವಿದ್ಯುತ್ ಹರಿಸ್ತದೆ, ಅದರ ಮೇಲೆ ಬೋರ್ಡ್ ಇಟ್ಟು ಆನ್ ಮಾಡುವುದು ಬೇಡ.

ರೂಮಿನ ಲೈಟ್ ಆರಿಸಿ ಟಾರ್ಚನ್ನು ಬೋರ್ಡಿನ ಮಟ್ಟಕ್ಕೇ ತಗ್ಗಿಸಿ ಒಂದು ಬದಿಯಿಂದ ಬಿಡಿ. ನೇಜಿ ನೆಟ್ಟ ಗದ್ದೆಯನ್ನು ಹುಣಿಯ ಮೇಲೆ ನಿಂತು ನೋಡಿದಾಗ ಸಾಲು ಹೇಗೆ ಕಾಣ್ತದೋ ಹಾಗೆ ಪಿನ್ನಿನ ತುದಿಗಳು ಮಿನುಗುವ ಗೆರೆಗಳಾಗಿ ಕಾಣ್ತವೆ. ಗೆರೆಯಲ್ಲಿ ಕಪ್ಪು ಚುಕ್ಕೆ ಕಂಡಲ್ಲಿ ಪಿನ್ ತಗ್ಗಿದೆ ಅಥವಾ ಇಲ್ಲ. ಹೊಳಪು ಗೆರೆಯಿಂದ ಹೊರಗೆ ಇದ್ದರೆ ವಾಲಿದೆ. ನಾಲ್ಕೂ ಬದಿಯಿಂದ ನೋಡಿ. ಒಂದು ದಿಕ್ಕಿನಲ್ಲಿ ಸರಿ ಕಾಣುವ ಪಿನ್ ಇನ್ನೊಂದರಲ್ಲಿ ಸಿಕ್ಕಿಬೀಳ್ತದೆ. ಮೊಬೈಲನ್ನು ಹತ್ತಿರ ಹಿಡಿದರೆ ಫೋಕಸ್ ಸಿಗುವುದಿಲ್ಲ. ಒಂದು ಗೇಣು ಮೇಲೆ ಹಿಡಿದು 3 ಪಟ್ಟು ಝೂಮ್ ಮಾಡಿ ಫೋಟೋ ತೆಗೆದು ಇಟ್ಟುಕೊಳ್ಳಿ. ಕೆಲಸ ಶುರುವಾದ ಮೇಲೆ ಮೊದಲು ಹೇಗಿತ್ತು ಅಂತ ನೆನಪಿರುವುದಿಲ್ಲ.

ಇನ್ನೊಂದು ಸಾಕ್ಷಿ ಪ್ರೊಸೆಸರಿನ ಅಡಿಯಲ್ಲೇ ಉಂಟು. ಒಮ್ಮೆ ಕೂರಿಸಿ ಲಿವರ್ ಒತ್ತಿದರೆ ಪ್ರತಿ ಚಿನ್ನದ ಪ್ಯಾಡಿನ ಮೇಲೂ ಪಿನ್ ಉಜ್ಜಿದ ಸಣ್ಣ ಗೀರು ಬೀಳ್ತದೆ. ಲೆನ್ಸ್ ಹಾಕಿ ನೋಡಿ. ಗೀರು ಪ್ಯಾಡಿನ ಅಂಚಿಗೆ ಸರಿದಿದ್ದರೆ ಆ ಪಿನ್ ವಾಲಿದೆ. ಆದರೆ ನಿಮ್ಮ ಪ್ರೊಸೆಸರಿನಲ್ಲಿ ಮೊದಲು ಸರಿ ಇದ್ದಾಗಿನ ಹಳೆಯ ಗೀರುಗಳೂ ಇರ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಮೀಟರ್ ಇದ್ದರೆ: ಪ್ರೊಸೆಸರ್ ತೆಗೆದ ಬೋರ್ಡಿನಲ್ಲಿ, ಸಾಕೆಟ್ ಪಕ್ಕ ಸಾಲಾಗಿ ಇರುವ ಚೌಕದ ಚೋಕ್‌ಗಳಿಗೆ ಒಂದು ಪ್ರೋಬ್, ಬೋರ್ಡಿನ ಸ್ಕ್ರೂ ತೂತಿನ ಸುತ್ತಲಿನ ಲೋಹಕ್ಕೆ ಇನ್ನೊಂದು. ಸೊನ್ನೆಗೆ ಅಂಟಿಕೊಂಡರೆ ಶಾರ್ಟ್. ಪ್ರೊಸೆಸರ್ ಕೂರಿಸಿ ಅಳೆದರೆ ಓಮ್ ತುಂಬಾ ಕಡಿಮೆ ಬರುವುದು ಸಹಜ, ಬೀಪ್ ಕೂಡ ಆಗಬಹುದು. ಅದನ್ನು ಕಂಡು ಹೆದರಬೇಡಿ. ಪ್ರೋಬಿನ ಮೊನೆಯನ್ನು ಸಾಕೆಟ್ ಪಿನ್ನಿಗೆ ಮಾತ್ರ ಮುಟ್ಟಿಸಲೇಬೇಡಿ.


ಮಣಿಪಾಲ್_ಲೂಪ್:

ಮೇಲಿನವರು ನೋಡುವುದನ್ನು ಹೇಳಿದ್ದಾರೆ, ನಾನು ಮುಟ್ಟುವುದನ್ನು ಹೇಳ್ತೇನೆ.

ಎಲ್ಲರೂ ಮಾಡುವ ತಪ್ಪು ಒಂದೇ: ಪಿನ್ನನ್ನು "ನೆಟ್ಟಗೆ" ಮಾಡುವುದು. ಈ ಪಿನ್ ಕಡ್ಡಿಯ ಹಾಗೆ ನೆಟ್ಟಗೆ ಇರುವಂಥದ್ದೇ ಅಲ್ಲ. ಪ್ಲಾಸ್ಟಿಕ್ ಗೂಡಿನಿಂದ ಓರೆಯಾಗಿ ಎದ್ದು, ತುದಿಯಲ್ಲಿ ಚೂರು ಬಾಗಿರುವ ತಗಡಿನ ಸ್ಪ್ರಿಂಗ್ ಅದು. ಪ್ರೊಸೆಸರ್ ಮೇಲಿನಿಂದ ಒತ್ತಿದಾಗ ಆ ಓರೆಯಿಂದಲೇ ಕೆಳಗೆ ತಗ್ಗಿ ಪ್ಯಾಡಿಗೆ ಒತ್ತಿಕೊಳ್ಳುವುದು. ನೀವು ಅದನ್ನು ಕಂಬದ ಹಾಗೆ ನಿಲ್ಲಿಸಿದರೆ ಲಿವರ್ ಒತ್ತುವಾಗ ಯಾವ ಕಡೆಗೋ ಮಡಚಿ ಬೀಳ್ತದೆ, ಈ ಸಲ ಮುರಿದೇ ಬೀಳ್ತದೆ. ಆಚೀಚೆಯ ಪಿನ್ನುಗಳು ಯಾವ ದಿಕ್ಕಿಗೆ ಎಷ್ಟು ಓರೆ ಇವೆಯೋ ಅಷ್ಟೇ ಓರೆಗೆ ತರುವುದು ಕೆಲಸ.

ಸಾಮಾನು ಹೆಚ್ಚೇನೂ ಬೇಡ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ 10 ಪಟ್ಟಿನ ಲೆನ್ಸ್ ಅಥವಾ ಸ್ಟ್ಯಾಂಡ್ ಇರುವ ಯುಎಸ್‌ಬಿ ಮೈಕ್ರೋಸ್ಕೋಪ್. 10ಕ್ಕಿಂತ ಹೆಚ್ಚಿನ ಲೆನ್ಸ್ ತಗೊಂಡರೆ ಕಣ್ಣು ಸಾಕೆಟ್ಟಿಗೇ ತಾಗುವಷ್ಟು ಹತ್ತಿರ ಹೋಗಬೇಕಾಗ್ತದೆ, ಕೈ ಆಡಿಸಲಿಕ್ಕೆ ಜಾಗ ಇರುವುದಿಲ್ಲ. ಚೂಪು ತುದಿಯ, ಮೊನೆ ಬಾಗಿದ ಟ್ವೀಜರ್ ಒಂದು. ಸಪೂರದ ಹೊಲಿಗೆ ಸೂಜಿ ಒಂದು. ಅದರ ಮೊನೆಯನ್ನು ನಯದ ಸ್ಯಾಂಡ್‌ಪೇಪರಿಗೆ ನಾಲ್ಕು ಸಲ ಉಜ್ಜಿ ಮೊಂಡು ಮಾಡಿ, 0.7 ಮಿಮೀ ಪೆನ್ ಪೆನ್ಸಿಲ್ಲಿಗೆ ಕಡ್ಡಿಯ ಬದಲು ಸಿಕ್ಕಿಸಿದರೆ ಒಳ್ಳೆಯ ಹಿಡಿ ಆಯ್ತು. ಪೆನ್ ಪೆನ್ಸಿಲ್ಲಿನ ಖಾಲಿ ಕೊಳವೆಯನ್ನೇ ಪಿನ್ನಿಗೆ ತೂರಿಸಿ ಎತ್ತುವ ಉಪಾಯ ವಿಡಿಯೋಗಳಲ್ಲಿ ಕಾಣ್ತದಲ್ಲ, ಅದು ಪ್ರೊಸೆಸರಿನಲ್ಲೇ ಪಿನ್ ಇರುವ ಎಎಂಡಿ ಎಎಂ4ಕ್ಕೆ. ಅದರದ್ದು ಗುಂಡು ಪಿನ್. ಇಲ್ಲಿಯದು ಚಪ್ಪಟೆ ಸ್ಪ್ರಿಂಗ್, ಕೊಳವೆ ಕೂರುವುದಿಲ್ಲ.

ಮಾಡುವ ಕ್ರಮ. ಬೋರ್ಡನ್ನು ತಿರುಗಿಸಿ, ಪಿನ್ನನ್ನು ನಿಮ್ಮಿಂದ ಆಚೆಗೆ ತಳ್ಳುವ ಹಾಗೆ ಇಟ್ಟುಕೊಳ್ಳಿ. ನಿಮ್ಮ ಕಡೆಗೆ ಎಳೆಯುವಾಗ ಕೈ ಜಾರಿದರೆ ಇನ್ನೂ ಹತ್ತು ಪಿನ್ ಹೋಗ್ತದೆ. ಮುಂಗೈ ಮೇಜಿನ ಮೇಲೆ, ಕಿರುಬೆರಳು ಸಾಕೆಟ್ಟಿನ ಲೋಹದ ಚೌಕಟ್ಟಿನ ಮೇಲೆ ಊರಿರಲಿ. ಮೊದಲು ಮಲಗಿದ ಪಿನ್. ಸೂಜಿಯನ್ನು ತುದಿಯ ಕೆಳಗೆ ಅಲ್ಲ, ಮಡಚಿದ ಜಾಗದ ಕೆಳಗೆ ತೂರಿಸಿ ಕೂದಲೆಳೆಯಷ್ಟು ಎತ್ತಿ ಬಿಡಿ. ತುದಿಯಲ್ಲಿ ಎತ್ತಿದರೆ ಬುಡದ ಮಡಿಕೆ ಹಾಗೇ ಉಳಿದು ನಡುವೆ ಇನ್ನೊಂದು ಮಡಿಕೆ ಬೀಳ್ತದೆ, ಎಸ್ ಆಕಾರಕ್ಕೆ ಬಂದ ಪಿನ್ ಮತ್ತೆ ಸರಿಯಾಗುವುದಿಲ್ಲ. ಲೆನ್ಸಿನಲ್ಲಿ ನೋಡಿ. ಮತ್ತೆ ಸ್ವಲ್ಪ ಎತ್ತಿ. ಪೂರ್ತಿ ಮಡಚಿದ್ದನ್ನು ನಾಲ್ಕೈದು ಹಂತದಲ್ಲಿ ಬಿಡಿಸಬೇಕು. ಹಿಂದಿನ ಪಿನ್ನಿನಿಂದ ಬಿಡಿಸಿಕೊಂಡ ಮೇಲೆಯೇ ಅಡ್ಡ ದಿಕ್ಕಿನ ವಾಲುವಿಕೆ ಸರಿ ಮಾಡುವುದು.

ಬೇಕಾದ್ದಕ್ಕಿಂತ ಹೆಚ್ಚು ಬಾಗಿಸಿ ಆಮೇಲೆ ವಾಪಸ್ ತರುವ ಲೆಕ್ಕಾಚಾರ ಬೇಡ. ಪ್ರತಿ ಸಲ ಹಿಂದೆ ಮುಂದೆ ಮಾಡಿದಾಗಲೂ ಆ ತಗಡು ಅದೇ ಜಾಗದಲ್ಲಿ ಗಡುಸಾಗ್ತದೆ. ಒಂದು ಬಾಗು, ಒಂದು ವಾಪಸ್, ಅಷ್ಟು ತಡೀತದೆ. ಮೂರನೆಯ ಸಲಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಹಾಗಾಗಿ ನೂರಕ್ಕೆ ನೂರು ಸಾಲಿಗೆ ಬರಲಿಲ್ಲ ಅಂತ ಮತ್ತೆ ಮತ್ತೆ ಕೆದಕಬೇಡಿ. ತುದಿ ಪ್ಯಾಡಿನ ಒಳಗೆ ಎಲ್ಲಾದರೂ ಕೂತರೆ ಸಾಕು, ನಟ್ಟ ನಡುವೆಯೇ ಕೂರಬೇಕೆಂದಿಲ್ಲ. ಎತ್ತರ ಮಾತ್ರ ಪಕ್ಕದ ಪಿನ್ನುಗಳಿಗೆ ಸಮ ಇರಬೇಕು. ಅದನ್ನು ಮೇಲಿನಿಂದ ನೋಡಿ ಹೇಳಲಿಕ್ಕೆ ಬರುವುದಿಲ್ಲ, ಬೋರ್ಡಿನ ಮಟ್ಟಕ್ಕೆ ಕಣ್ಣಿಟ್ಟು ಬದಿಯಿಂದ ನೋಡಬೇಕು.

ಚೌಕಟ್ಟು ಅಡ್ಡ ಬರ್ತದೆ ಅಂತ ಬಿಚ್ಚುವುದಿದ್ದರೆ ನಾಲ್ಕು ಸ್ಕ್ರೂ, ಟಿ20 ಟಾರ್ಕ್ಸ್ ಬಿಟ್. ಬಿಚ್ಚಿದ ಮೇಲೆ ಬೋರ್ಡ್ ಎತ್ತಿದರೆ ಹಿಂಬದಿಯ ಲೋಹದ ಪ್ಲೇಟ್ ಕಳಚಿ ಬೀಳ್ತದೆ. ಅಂಚಿನ ಪಿನ್ ಅಲ್ಲದಿದ್ದರೆ ಬಿಚ್ಚುವ ಅಗತ್ಯ ಇಲ್ಲ, ಲಿವರ್ ಬಿಟ್ಟು ಮೇಲಿನ ಪ್ಲೇಟ್ ಎತ್ತಿದರೆ ಸಾಕು.


ಪಣಂಬೂರು_ಉಪ್ಪುಗಾಳಿ:

ಸೂಜಿಗೆ ನನ್ನ ತಕರಾರು ಉಂಟು. ಮೊಂಡು ಮಾಡಿದರೂ ಅದು ಉಕ್ಕು, ಪಿನ್ನಿನ ಮೇಲಿರುವುದು ತೆಳು ಚಿನ್ನದ ಲೇಪ. ಒಂದು ಗೀರು ಬಿದ್ದರೆ ಒಳಗಿನ ತಾಮ್ರದ ಮಿಶ್ರಲೋಹ ಹೊರಗೆ ಬರ್ತದೆ. ಬಯಲುಸೀಮೆಯಲ್ಲಿ ಅದಕ್ಕೆ ಏನೂ ಆಗದೆ ಇರಬಹುದು. ಇಲ್ಲಿ ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ಬೆವರುವ ತೇವ. ಗೀರು ಬಿದ್ದಲ್ಲಿ ಹಸಿರು ಹಿಡೀತದೆ, ಇವತ್ತು ಸರಿ ಆದ ಚಾನೆಲ್ ಮುಂದಿನ ಮಳೆಗಾಲಕ್ಕೆ ಮತ್ತೆ ಕೈಕೊಡ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದ್ದೇ ಏನಾದರೂ ಮಾಡಿಕೊಳ್ಳಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಸೀಳಿ ಮೊನೆ ಮಾಡಿದರೂ ಆಗ್ತದೆ.

ಪೇಸ್ಟಿನ ಬಗ್ಗೆ. ಮಾಮೂಲಿ ಬೂದು, ಬಿಳಿ ಪೇಸ್ಟುಗಳಲ್ಲಿ ಹೆಚ್ಚಿನವು ವಿದ್ಯುತ್ ಹರಿಸುವುದಿಲ್ಲ. ತೊಂದರೆ ಎಂತದ್ದೆಂದರೆ ಪಿನ್ನಿಗೂ ಪ್ಯಾಡಿಗೂ ನಡುವೆ ಕೂತು ಸಂಪರ್ಕ ತಪ್ಪಿಸ್ತದೆ. ಲಿಕ್ವಿಡ್ ಮೆಟಲ್ ಆದರೆ ಬೇರೆಯೇ ಕಥೆ, ಅದು ಪೂರ್ತಿ ಲೋಹ, ಅದು ಸಾಕೆಟ್ಟಿಗೆ ಬಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಶುಚಿ ಮಾಡಲಿಕ್ಕೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್. ಹ್ಯಾಂಡ್ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ನೀರೂ ಉಂಟು, ಗ್ಲಿಸರಿನ್ನೂ ಉಂಟು. ಕಿವಿಗೆ ಹಾಕುವ ಹತ್ತಿ ಕಡ್ಡಿ ಸಾಕೆಟ್ಟಿನ ಹತ್ತಿರವೂ ಬರಬಾರದು. ಹತ್ತಿಯ ಎಳೆ ಪಿನ್ನಿನ ಕೊಕ್ಕೆಗೆ ಸಿಕ್ಕಿಕೊಳ್ತದೆ, ಕಡ್ಡಿ ಎತ್ತಿದಾಗ ಪಿನ್ನೂ ಒಟ್ಟಿಗೆ ಏಳ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಆಲ್ಕೋಹಾಲ್ ತುಂಬಿ ಪೇಸ್ಟ್ ಇದ್ದಲ್ಲಿ ನಾಲ್ಕು ಹನಿ ಬಿಟ್ಟು, ಎರಡು ನಿಮಿಷ ನೆನೆಯಲು ಬಿಟ್ಟು, ಬೋರ್ಡನ್ನು ಓರೆ ಮಾಡಿ ಮತ್ತೆ ಹನಿಸಿ ತೊಳೆದು ಇಳಿಸಿ. ಇಳಿದದ್ದನ್ನು ಸಾಕೆಟ್ಟಿನ ಹೊರಗೆ ಟಿಶ್ಯೂವಿನಲ್ಲಿ ಹೀರಿಸಿ. ಗಟ್ಟಿಯಾಗಿದ್ದರೆ ಮೆತ್ತಗಿನ ಹೊಸ ಪೇಂಟ್ ಬ್ರಷ್, ಪಿನ್ನಿನ ತುದಿ ಯಾವ ಕಡೆ ನೋಡ್ತಾ ಉಂಟೋ ಆ ಕಡೆಗೆ ಮಾತ್ರ ಎಳೆಯುವುದು. ಎದುರು ದಿಕ್ಕಿಗೆ ಎಳೆದರೆ ಕೂದಲು ತುದಿಯ ಕೆಳಗೆ ಸಿಕ್ಕಿ ಎತ್ತಿಬಿಡ್ತದೆ.

ಆಮೇಲೆ ಫ್ಯಾನ್ ಕೆಳಗೆ ಒಂದು ಗಂಟೆ. ಆಟಿಯ ಮಳೆ ಹೊಯ್ಯುವ ದಿನವಾದರೆ ಎರಡು ಗಂಟೆ ಇಡಿ. ಹೇರ್ ಡ್ರೈಯರ್ ಬೇಡ. ಬಾಯಲ್ಲಿ ಊದುವುದಂತೂ ಬೇಡ, ಎಂಜಲು ಹೋಗ್ತದೆ. ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬಲ್ಬ್ ಸಾಕು.


ಮಣಿಪಾಲ್_ಲೂಪ್:

ಗೀರಿನ ಮಾತು ಒಪ್ಪಿದೆ. ಆದರೆ ಪೂರ್ತಿ ಮಡಚಿದ ಪಿನ್ನಿನ ಕೆಳಗೆ ತೂರುವಷ್ಟು ಸಪೂರ ಮಾಡಿದ ಪ್ಲಾಸ್ಟಿಕ್ ತಾನೇ ಬಾಗ್ತದೆ ಮಾರಾಯ್ರೆ. ಮೊದಲ ಎತ್ತುವಿಕೆಗೆ ಉಕ್ಕು, ಸಾಲಿಗೆ ತರುವ ಕೊನೆಯ ತಿದ್ದುಪಡಿಗೆ ಪ್ಲಾಸ್ಟಿಕ್. ಬುಡದ ಮಡಿಕೆಯಲ್ಲಿ ಗೀರು ಬಿದ್ದರೆ ಅಷ್ಟು ತೊಂದರೆ ಇಲ್ಲ, ಪ್ಯಾಡಿಗೆ ತಾಗುವ ತುದಿಯಲ್ಲಿ ಬೀಳಬಾರದು.


ಕುಂಜಿಬೆಟ್ಟು_ಪಿಸಿ:

ತುಂಬಾ ಉಪಕಾರ. ವಾಲಿದ ಎರಡೂ ಸಾಲಿಗೆ ಬಂದವು. ಮಡಚಿದ್ದು ಐದು ಸಲ ಎತ್ತಿದ ಮೇಲೆ ಎದ್ದು ನಿಂತಿತು, ಎತ್ತರ ಸಮ ಉಂಟು, ಮೇಲಿನಿಂದ ನೋಡಿದರೆ ಚೂರು ಎಡಕ್ಕೆ.

ಆದರೆ ಪೇಸ್ಟ್ ತೊಳೆದ ಮೇಲೆ ಹೊಸ ತೊಂದರೆ ಕಂಡಿತು. ಅದರ ಅಡಿಯಲ್ಲಿ ಇನ್ನೊಂದು ಪಿನ್ನಿಗೆ ತುದಿಯೇ ಇಲ್ಲ. ಗೂಡಿನಿಂದ ಸಣ್ಣ ತುಂಡು ಮಾತ್ರ ಕಾಣ್ತದೆ. ಮುರಿದ ಚೂರು ಎಲ್ಲಿ ಉಂಟೋ ಗೊತ್ತಿಲ್ಲ. ಇನ್ನು ಬೋರ್ಡ್ ಬಿಸಾಡುವುದೇನಾ?


ಹಂಪನಕಟ್ಟೆ_ಬೆಂಚ್:

ಚೂರು ಎಲ್ಲಿದೆ ಅಂತ ಮೊದಲು ಹುಡುಕಿ. ಅದು ಚಿನ್ನದ ಬಣ್ಣದ ಲೋಹ, ಇನ್ನೆರಡು ಪಿನ್ನುಗಳ ನಡುವೆ ಕೂತರೆ ಅದೇ ಶಾರ್ಟ್. ತೊಳೆದ ಟಿಶ್ಯೂ ನೋಡಿ, ಪ್ರೊಸೆಸರಿನ ಅಡಿ ನೋಡಿ, ಅಲ್ಲಿ ಅಂಟಿಕೊಂಡಿರುವುದು ಹೆಚ್ಚು. ಸಿಗಲಿಲ್ಲವಾದರೆ ಬೋರ್ಡನ್ನು ಬೋರಲು ಹಿಡಿದು ರಬ್ಬರ್ ಬಲ್ಬಿನಿಂದ ಊದಿ.

ಬಿಸಾಡುವ ಮೊದಲು ಆ ಪಿನ್ ಯಾವುದು ಅಂತ ತಿಳಿಯಬೇಕು. ಹೆಸರು ಹೇಳುವ 1700 ಪಿನ್ನುಗಳೂ ಬೇರೆ ಬೇರೆ ಕೆಲಸದವಲ್ಲ. ಇವುಗಳಲ್ಲಿ ನೂರಾರು ಬರೀ ಗ್ರೌಂಡ್, ಪಿನ್ ನಕ್ಷೆಯಲ್ಲಿ (ಯಾವ ಪಿನ್ ಯಾವ ಕೆಲಸದ್ದು ಅಂತ ತೋರಿಸುವ ಚಿತ್ರ) ವಿಎಸ್‌ಎಸ್ ಅಂತ ಇರ್ತದೆ. ಒಂದು ಹೋದರೆ ಪಕ್ಕದವು ಕೆಲಸ ಹಂಚಿಕೊಳ್ತವೆ. ವಿಸಿಸಿ ಅಂದರೆ ಕೋರಿಗೆ ವಿದ್ಯುತ್ ಕೊಡುವವು, ಅವೂ ಗುಂಪಿನಲ್ಲಿ ಇವೆ. ಒಂದು ಇಲ್ಲದಿದ್ದರೂ 12400ರಂಥ ಪ್ರೊಸೆಸರಿಗೆ ನಡೀತದೆ. ಆರ್‌ಎಸ್‌ವಿಡಿ ಅಂತ ಬರೆದವು ಕಾದಿರಿಸಿದವು, ಹೆಚ್ಚಾಗಿ ಬೋರ್ಡಿನಲ್ಲಿ ಎಲ್ಲಿಗೂ ಜೋಡಿಸಿರುವುದಿಲ್ಲ. ಡಿಡಿಆರ್ ಅಂತ ಶುರುವಾಗುವವು ರ್ಯಾಮಿನವು, ಒಂದೊಂದೂ ಬೇಕು. ಪಿಸಿಐಇ ಹೆಸರಿನವು ಹೋದರೆ ಗ್ರಾಫಿಕ್ಸ್ ಕಾರ್ಡ್ 16 ಲೇನಿನ (ಡೇಟಾ ಹೋಗಿಬರುವ ದಾರಿ) ಬದಲು 8ಕ್ಕೆ, 4ಕ್ಕೆ ಇಳೀತದೆ, ಅಥವಾ ಕಾಣುವುದೇ ಇಲ್ಲ.

ಒಂದು ಬಲೆ ಉಂಟು: ಹೆಸರಿನ ಕೊನೆಯಲ್ಲಿ ಸೆನ್ಸ್ ಅಂತ ಇದ್ದರೆ ಅದು ಗ್ರೌಂಡೂ ಅಲ್ಲ, ವಿದ್ಯುತ್ತೂ ಅಲ್ಲ. ಪ್ರೊಸೆಸರಿಗೆ ನಿಜಕ್ಕೂ ಎಷ್ಟು ವೋಲ್ಟ್ ಸಿಗ್ತಾ ಉಂಟು ಅಂತ ವಿಆರ್‌ಎಂಗೆ (ಬೋರ್ಡಿನಲ್ಲಿ ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಕೊಡುವ ಭಾಗ) ಹೇಳುವ ತಂತಿ ಅದು. ವಿಎಸ್‌ಎಸ್ ಅಂತ ಓದಿ ಬಾಕಿ ಓದದೆ ಸಮಾಧಾನ ಮಾಡಿಕೊಂಡರೆ ಕೆಲಸ ಕೆಟ್ಟಿತು. ಆ ಪಿನ್ ಇಲ್ಲದೆ ಆನ್ ಮಾಡಬಾರದು.

ನಕ್ಷೆಯಲ್ಲಿ ಜಾಗ ಹುಡುಕುವಾಗ ಇನ್ನೊಂದು ಎಡವಟ್ಟು. ಕೆಲವು ನಕ್ಷೆ ಸಾಕೆಟ್ಟನ್ನು ಮೇಲಿನಿಂದ ನೋಡಿದ ಹಾಗೆ ಇರ್ತದೆ, ಕೆಲವು ಪ್ರೊಸೆಸರನ್ನು ಕವುಚಿ ಅದರ ಅಡಿ ನೋಡಿದ ಹಾಗೆ. ಎರಡೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿರ್ತವೆ. ಮೂಲೆಯ ತ್ರಿಕೋನ ಗುರುತು, ಬದಿಯ ಕಚ್ಚುಗಳು, ನಡುವಿನ ಖಾಲಿ ಜಾಗ, ಈ ಮೂರೂ ಹೊಂದಿದ ಮೇಲೆಯೇ ಎಣಿಸಲು ಶುರು ಮಾಡಿ. ಹತ್ತಿರದ ಅಂಚಿನಿಂದ ಒಮ್ಮೆ, ಎದುರಿನ ಅಂಚಿನಿಂದ ಒಮ್ಮೆ ಎಣಿಸಿ. ಎರಡೂ ಲೆಕ್ಕ ಒಂದೇ ಪಿನ್ನಿಗೆ ಬರಬೇಕು. ಸಾಕೆಟ್ಟಿನಲ್ಲಿ ಬೆರಳಿಟ್ಟು ಎಣಿಸುವುದಲ್ಲ. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಪ್ರತಿ ಐದನೆಯ ಸಾಲಿಗೆ ಒಂದು ಗೆರೆ ಎಳೆದುಕೊಂಡು ಎಣಿಸಿ.


ಸುರತ್ಕಲ್_ಬೆಸುಗೆ:

ಬೇಕಾದ ಪಿನ್ನೇ ಮುರಿದಿದೆ ಅಂತ ಗೊತ್ತಾದರೆ ಎರಡು ದಾರಿ.

ಒಂದು, ಪಿನ್ ಕಸಿ. ಗುಜರಿಗೆ ಹೋಗುವ ಅದೇ ಜಾತಿಯ ಸಾಕೆಟ್ಟಿನ ಬೋರ್ಡಿನಿಂದ ಒಂದು ಪಿನ್ ಬುಡದ ಸಮೇತ ಕತ್ತರಿಸಿ ತೆಗೆದು, ಇಲ್ಲಿ ಉಳಿದ ತುಂಡಿಗೆ ಮೈಕ್ರೋಸ್ಕೋಪ್ ಅಡಿಯಲ್ಲಿ ಬೆಸೆಯುವುದು. ಗೂಡಿನ ಮೇಲೆ ಸ್ವಲ್ಪವಾದರೂ ತುಂಡು ಕಾಣುವಂತಿದ್ದರೆ ಮಾತ್ರ ಆಗ್ತದೆ. ಬೆಸುಗೆ ಒಂದು ಚೂರು ಹೆಚ್ಚಾದರೆ ಅದು ಪಿನ್ನಿನ ಉದ್ದಕ್ಕೂ ಏರಿ ಸ್ಪ್ರಿಂಗನ್ನು ಗಟ್ಟಿ ಕಡ್ಡಿ ಮಾಡಿಬಿಡ್ತದೆ. ಆಮೇಲೆ ಅದು ತಗ್ಗುವುದಿಲ್ಲ, ಪ್ರೊಸೆಸರಿನ ಪ್ಯಾಡಿಗೇ ಕುಕ್ಕುತ್ತದೆ. ಮನೆಯ 25 ವ್ಯಾಟ್ ಐರನ್ನಿನಲ್ಲಿ ಮಾಡುವ ಕೆಲಸ ಅಲ್ಲ. ತಾಮ್ರದ ಎಳೆಯ ಚೂರನ್ನು ಪ್ಯಾಡಿನ ಮೇಲೆ ಇಟ್ಟು ಒತ್ತುವ ಉಪಾಯವನ್ನೂ ಕೆಲವರು ಹೇಳ್ತಾರೆ. ಎಳೆ ಸರಿದರೆ ಎಲ್ಲಿ ಹೋಗಿ ಕೂರ್ತದೋ ಯಾರಿಗೆ ಗೊತ್ತು. ಬೇಡ.

ಎರಡು, ಸಾಕೆಟ್ ಬದಲಿ. ಸಾಕೆಟ್ಟಿನ ಅಡಿಯಲ್ಲಿ ಪ್ರತಿ ಪಿನ್ನಿಗೂ ಒಂದು ಬೆಸುಗೆ ಗುಂಡು ಉಂಟು, ಬೋರ್ಡಿಗೆ ಅಂಟಿರುವುದು ಅದರಿಂದಲೇ. ಸೀಸ ಇಲ್ಲದ ಈ ಬೆಸುಗೆ ಕರಗಲು 217 ಡಿಗ್ರಿ ದಾಟಬೇಕು, ಹಳೆಯ ಸೀಸ-ತವರದ 63/37 ಆದರೆ 183ಕ್ಕೇ ಕರಗ್ತದೆ. ಇಷ್ಟು ದೊಡ್ಡ ಸಾಕೆಟ್ ಮೂಲೆಯಿಂದ ಮೂಲೆಗೆ ಒಟ್ಟಿಗೇ ಆ ಬಿಸಿಗೆ ಬರಬೇಕಾದರೆ ಕೆಳಗಿನಿಂದ ಇಡೀ ಬೋರ್ಡ್ ಕಾಯಿಸುವ ಬಿಜಿಎ ಸ್ಟೇಷನ್ ಬೇಕೇ ಬೇಕು. ಮೊಬೈಲ್ ರಿಪೇರಿಯ ಹಾಟ್ ಏರ್ ಗನ್ ಒಂದರಲ್ಲಿ ಮಾಡಿಕೊಡ್ತೇನೆ ಅಂದವರಿಗೆ ಕೊಡಬೇಡಿ. ಒಂದು ಮೂಲೆ ಕರಗುವಷ್ಟರಲ್ಲಿ ಇನ್ನೊಂದು ಮೂಲೆ ಗಟ್ಟಿಯಾಗಿಯೇ ಇರ್ತದೆ, ಎತ್ತಿದಾಗ ಬೋರ್ಡಿನ ತಾಮ್ರದ ಪ್ಯಾಡೇ ಕಿತ್ತು ಬರ್ತದೆ. ಪಕ್ಕದ ರ್ಯಾಮ್ ಸ್ಲಾಟಿನ ಪ್ಲಾಸ್ಟಿಕ್ ಕರಗುವುದು ಬೇರೆ. ಅಂಗಡಿಯಲ್ಲಿ ಕೇಳಬೇಕಾದ್ದು: ಕೆಳಗಿನ ಹೀಟರ್ ಉಂಟಾ, ಈ ಮೊದಲು ಸಾಕೆಟ್ ಬದಲಿಸಿದ್ದುಂಟಾ, ಲ್ಯಾಪ್‌ಟಾಪಿನ ಚಿಪ್ ಮಾತ್ರವಾ. ಎರಡೂ ಒಂದೇ ಅಲ್ಲ.

ಬಿ660ಕ್ಕೆ ಇಷ್ಟು ಖರ್ಚು ಹಾಕುವುದು ನನ್ನ ಪ್ರಕಾರ ದಂಡ. ದುಬಾರಿ ಝಡ್ ಸರಣಿಯ ಬೋರ್ಡಿಗಾದರೆ ಯೋಚಿಸಬಹುದು.


ಕಾಪು_ಬೀಚ್‌ರೋಡ್:

ವಾರಂಟಿ ಬಗ್ಗೆ ಯಾರೂ ಹೇಳಲಿಲ್ಲ. ಪಿನ್ ಬಾಗುವುದನ್ನು ಬೋರ್ಡ್ ಕಂಪನಿಗಳು ಗ್ರಾಹಕರಿಂದ ಆದ ಹಾನಿ ಅಂತಲೇ ಲೆಕ್ಕ ಹಾಕ್ತವೆ, ವಾರಂಟಿಗೆ ಬರುವುದಿಲ್ಲ. ಬೇರೆ ತೊಂದರೆಗೆ ಕಳಿಸುವಾಗಲೂ ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕಳಿಸಬೇಕು, ಇಲ್ಲದಿದ್ದರೆ ವಾಪಸ್ ಬರ್ತದೆ. ಅದನ್ನು ಎಸೆದವರು ಈಗಲೇ ಹುಡುಕಿ. ಬೋರ್ಡಿನ ಪೆಟ್ಟಿಗೆಯ ಮೂಲೆಯಲ್ಲಿ ಇರ್ತದೆ.

ಬದಲಿ ಬೋರ್ಡ್ ತಗೊಳ್ಳುವುದಾದರೆ ಎಚ್610 ಅಗ್ಗ ಅಂತ ಓಡಬೇಡಿ. ಅದರಲ್ಲಿ ರ್ಯಾಮ್ ಸ್ಲಾಟ್ ಎರಡೇ, ಪ್ರೊಸೆಸರಿನಿಂದ ನೇರ ಬರುವ ಎಸ್‌ಎಸ್‌ಡಿ ಲೇನೂ ಸಿಗುವುದಿಲ್ಲ. ಡಿಡಿಆರ್4 ಅಂತ ಪೆಟ್ಟಿಗೆಯ ಮೇಲೆ ಓದಿಯೇ ತಗೊಳ್ಳಿ, ಹೆಸರು ಒಂದೇ ಇದ್ದು ಡಿಡಿಆರ್5ರದ್ದೂ ಬರ್ತದೆ. ಬೋರ್ಡ್ ಬದಲಿಸುವ ಮೊದಲು ಬಿಟ್‌ಲಾಕರ್ ಕೀ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗದ ಕೀ) ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸ ಬೋರ್ಡಿನಲ್ಲಿ ವಿಂಡೋಸ್ ಅದನ್ನೇ ಕೇಳಿಕೊಂಡು ಕೂರ್ತದೆ.


ಬ್ರಹ್ಮಾವರ_ರೈಜನ್:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಎಂ4 ಪ್ರೊಸೆಸರ್, ಕೂಲರ್ ಎಳೆದಾಗ ಅದಕ್ಕೇ ಅಂಟಿಕೊಂಡು ಕಿತ್ತು ಬಂತು. ಏಳೆಂಟು ಪಿನ್ ಬಾಗಿವೆ. ಇದೇ ವಿಧಾನವಾ?


ಮಣಿಪಾಲ್_ಲೂಪ್:

ನಿಮ್ಮದು ಸುಲಭ. ಅಲ್ಲಿ 1331 ಪಿನ್ನೂ ಪ್ರೊಸೆಸರಿನಲ್ಲೇ, ಗುಂಡು, ಲಂಬ. ಮೊದಲು ಕೂಲರಿನಿಂದ ಬಿಡಿಸಿ: ಹಲ್ಲಿಗೆ ಹಾಕುವ ಫ್ಲಾಸ್ ದಾರವನ್ನು ನಡುವೆ ಗರಗಸದ ಹಾಗೆ ಎಳೆಯಿರಿ, ಸ್ಕ್ರೂಡ್ರೈವರ್ ತೂರಿಸಬೇಡಿ. ಆಮೇಲೆ ಕಡ್ಡಿ ತೆಗೆದ 0.5 ಅಥವಾ 0.7 ಮಿಮೀ ಪೆನ್ ಪೆನ್ಸಿಲ್ಲಿನ ಕೊಳವೆ ತೂರಿಸಿ ನಿಧಾನ ಎತ್ತಿ. ಕೊನೆಗೆ ಹಳೆಯ ಎಟಿಎಂ ಕಾರ್ಡನ್ನು ಸಾಲುಗಳ ನಡುವೆ ಎರಡೂ ದಿಕ್ಕಿನಲ್ಲಿ ಎಳೆದು ಪರೀಕ್ಷಿಸಿ. ಸರಿಯಾಗಿದ್ದರೆ ಸಾಕೆಟ್ಟಿಗೆ ಇಟ್ಟ ಕೂಡಲೇ ತನ್ನ ಭಾರಕ್ಕೆ ತಾನೇ ಇಳೀತದೆ. ಒತ್ತಬೇಕಾಗಿ ಬಂದರೆ ಇನ್ನೂ ಒಂದು ಪಿನ್ ಬಾಕಿ ಉಂಟು. ಮುಂದಿನ ಸಲ ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ, ಎಳೆಯದೆ ತಿರುಚಿ ಬಿಡಿಸಿ.


ಕುಂಜಿಬೆಟ್ಟು_ಪಿಸಿ:

ಎರಡೂ ಅಂಚಿನಿಂದ ಎಣಿಸಿದೆ, ಎರಡೂ ಲೆಕ್ಕ ಒಂದೇ ಪಿನ್ನಿಗೆ ಬಂತು. ತುದಿ ಇಲ್ಲದ್ದು ವಿಎಸ್‌ಎಸ್, ಸೆನ್ಸ್ ಅಲ್ಲ. ಮುರಿದ ಚೂರು ಪ್ರೊಸೆಸರಿನ ಅಡಿಯಲ್ಲೇ ಪೇಸ್ಟಿಗೆ ಅಂಟಿಕೊಂಡಿತ್ತು. ಇನ್ನು ಕೂರಿಸಿ ಆನ್ ಮಾಡಬಹುದಾ?


ಹಂಪನಕಟ್ಟೆ_ಬೆಂಚ್:

ಮಾಡಿ. ಪ್ರೊಸೆಸರಿನ ಅಂಚು ಹಿಡಿದು, ತ್ರಿಕೋನ ಹೊಂದಿಸಿ, ನೇರ ಕೆಳಗೆ ಬಿಡಿ. ಬಿಟ್ಟ ಮೇಲೆ ಸರಿಸಿ ನೋಡುವ ಚಾಳಿ ಬೇಡ, ಪಿನ್ ಬಾಗುವ ಕೇಸುಗಳಲ್ಲಿ ಹೆಚ್ಚಿನವು ಆಗುವುದೇ ಆವಾಗ. ಲಿವರ್ ಒತ್ತುವಾಗ ಕರಕರ ಶಬ್ದ ಬರ್ತದೆ, ಅದು ಸಹಜ.

ಮೊದಲ ಸಲ ಗ್ರಾಫಿಕ್ಸ್ ಕಾರ್ಡ್ ಬೇಡ, 12400ರಲ್ಲೇ ಡಿಸ್‌ಪ್ಲೇ ಉಂಟು. 24 ಪಿನ್, 8 ಪಿನ್ ಪವರ್, ಕೂಲರ್, ಎ2ರಲ್ಲಿ ಒಂದು ರ್ಯಾಮ್. ಬಯಾಸ್ ಬಂದರೆ ಆಫ್ ಮಾಡಿ ಬಿ2ಗೆ ಎರಡನೆಯದು. ರ್ಯಾಮ್ ಕಂಡರೆ ಎಕ್ಸ್‌ಎಂಪಿ (ರ್ಯಾಮನ್ನು ಹೆಚ್ಚಿನ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಹಾಕದೆ ಮೆಮ್‌ಟೆಸ್ಟ್86 (ರ್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್), ಉಚಿತ ಆವೃತ್ತಿಯ ನಾಲ್ಕೂ ಪಾಸ್ ಓಡಿಸಿ. ಒಂದೇ ಒಂದು ಎರರ್ ಬಂದರೂ ಸರಿಯಾಗಿಲ್ಲ ಅಂತಲೇ ಲೆಕ್ಕ. ಅದು ದಾಟಿದರೆ ಎಕ್ಸ್‌ಎಂಪಿ ಹಾಕಿ ಮತ್ತೊಮ್ಮೆ. ಪಿನ್ ಅರೆಬರೆ ತಾಗಿದ್ದರೆ ನಿಧಾನದ ವೇಗದಲ್ಲಿ ಪಾಸಾಗಿ ಹೆಚ್ಚಿನ ವೇಗದಲ್ಲಿ ಸಿಕ್ಕಿಬೀಳ್ತದೆ.

ಬಿ2 ಇನ್ನೂ ಕಾಣದಿದ್ದರೆ ಕೂಡಲೇ ಸಾಕೆಟ್ ಬಿಚ್ಚಬೇಡಿ. ಕೂಲರಿನ ನಾಲ್ಕೂ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ನೋಡಿ. ಒಂದು ಮೂಲೆ ಹೆಚ್ಚು ಬಿಗಿದರೆ ಎದುರಿನ ಮೂಲೆಯ ಪಿನ್ನುಗಳ ಮೇಲಿನ ಒತ್ತಡ ಕಡಿಮೆಯಾಗಿ, ಪಿನ್ ಎಲ್ಲ ಸರಿ ಇದ್ದೂ ಒಂದು ಚಾನೆಲ್ ಹೋಗ್ತದೆ.


ಕುಂಜಿಬೆಟ್ಟು_ಪಿಸಿ:

ಬಿ2 ಬಂತು! ಎಕ್ಸ್‌ಎಂಪಿ ಇಲ್ಲದೆ ನಾಲ್ಕು ಪಾಸ್, ಎಕ್ಸ್‌ಎಂಪಿ ಹಾಕಿ ನಾಲ್ಕು ಪಾಸ್, ಎರರ್ ಸೊನ್ನೆ. ಒಂದೇ ಸಂಶಯ. ಗ್ರಾಫಿಕ್ಸ್ ಕಾರ್ಡ್ ಹಾಕಿ ಜಿಪಿಯು-ಝಡ್ ಸಾಫ್ಟ್‌ವೇರಿನಲ್ಲಿ ನೋಡಿದರೆ 8 ಲೇನ್ ತೋರಿಸ್ತದೆ. ಆರ್‌ಎಕ್ಸ್ 6600. ಪಿಸಿಐಇ ಪಿನ್ನೂ ಹೋಗಿದೆಯಾ?


ಹಂಪನಕಟ್ಟೆ_ಬೆಂಚ್:

ಇಲ್ಲ ಮಾರಾಯ್ರೆ, ಆ ಕಾರ್ಡ್ ಇರುವುದೇ 8 ಲೇನಿನದ್ದು. ಸ್ಲಾಟಿಗೆ ಹೋಗುವ ಚಿನ್ನದ ಅಂಚನ್ನು ತಿರುಗಿಸಿ ನೋಡಿ, ಅರ್ಧದಿಂದ ಆಚೆ ತಾಮ್ರದ ಗೆರೆಯೇ ಕಾರ್ಡಿನ ಚಿಪ್ ಕಡೆಗೆ ಹೋಗಿರುವುದಿಲ್ಲ. 4ಕ್ಕೆ ಇಳಿದರೆ ಹೇಳಿ. ಸಾಕೆಟ್ಟಿನ ಮುಚ್ಚಳ ಪೆಟ್ಟಿಗೆಯಲ್ಲೇ ಇರಲಿ.